ಗುಬ್ಬಚ್ಚಿಯ ಗವಸು

ಹೆಲ್ಮೆಟ್ಟಿಗೂ ಒಂದು ಅಂಗಿ ಇರುತ್ತದೆ ಎಂದರೆ ಎಷ್ಟೋ ಜನ ನಗುತ್ತಾರೆ. ನಗಲಿ ಬಿಡಿ. ಸೈನಿಕನ ತಲೆಯ ಮೇಲಿನ ಉಕ್ಕಿನ ಟೋಪಿ ಬಿಸಿಲಿಗೆ ಮಿಂಚಬಾರದು, ದೂರದವರ ಕಣ್ಣಿಗೆ ಬೀಳಬಾರದು ಎಂದು ಅದಕ್ಕೆ ಎಲೆ-ಮಣ್ಣಿನ ಬಣ್ಣದ ಬಟ್ಟೆಯ ಗವಸು ತೊಡಿಸುತ್ತಿದ್ದರು. ಯುದ್ಧ ಮುಗಿದ ಮೇಲೆ ಟೋಪಿಗಳು ಉಗ್ರಾಣಕ್ಕೆ ಹೋದವು, ಗವಸುಗಳು ಯಾರ್ಯಾರದೋ ಪೆಟ್ಟಿಗೆಯ ತಳದಲ್ಲಿ ಉಳಿದವು. ಅವನ್ನು ಹುಡುಕಿ ತಂದು ಗಾಜಿನ ಕಪಾಟಿನಲ್ಲಿಟ್ಟು ದಿನಾ ನೋಡಿ ಕಣ್ತುಂಬಿಕೊಳ್ಳುವ ಹುಚ್ಚರಿದ್ದಾರೆ. ಹುಚ್ಚರು ಇದ್ದಮೇಲೆ ಅವರಿಗೆ ಟೋಪಿ ಹಾಕುವವರೂ ಇರಬೇಕಲ್ಲ, ಇದ್ದಾರೆ. ಹೊಸ ಬಟ್ಟೆಯನ್ನು ಹೊಲಿದು, ಚಹಾದಲ್ಲಿ ಕುದಿಸಿ, ಗೊಬ್ಬರದಲ್ಲಿ ಹೂತು, ತುಕ್ಕು ತಿಕ್ಕಿ, ‘ಇದು ಇಂಥ ಯುದ್ಧದ್ದು ಸ್ವಾಮಿ’ ಎಂದು ಮಾರುತ್ತಾರೆ. ಇವರಿಬ್ಬರ ನಡುವೆ ಕೂತು, ಇದು ಅಸಲಿ, ಇದು ನಕಲಿ ಎಂದು ಹೇಳುವ ಹೆಂಗಸೊಬ್ಬಳಿದ್ದಳು. ಪೇಟೆಯವರೆಲ್ಲ ಅವಳನ್ನು ಭೂತಗನ್ನಡಿ ಎಂದು ಕರೆಯುತ್ತಿದ್ದರು. ಎದುರಿಗೇ ಕರೆಯುತ್ತಿದ್ದರು, ಅವಳಿಗೂ ಬೇಸರವಿರಲಿಲ್ಲ.

ಅವಳ ಕೋಣೆ ಇದ್ದದ್ದು ಗಡಿಯಾರ ರಿಪೇರಿಯವನ ಅಂಗಡಿಯ ಮೇಲೆ. ಹದಿನೇಳು ಕಡಿದಾದ ಮೆಟ್ಟಿಲು ಹತ್ತಬೇಕು. ಕೆಳಗಿನ ಗಡಿಯಾರಗಳಲ್ಲಿ ಒಂದಕ್ಕೊಂದು ಹೊಂದಿಕೆಯಿರಲಿಲ್ಲ. ಒಂದು ಮೂರು ಹೊಡೆದರೆ, ಸ್ವಲ್ಪ ಹೊತ್ತಿಗೆ ಇನ್ನೊಂದು, ಆಮೇಲೆ ಗೊಗ್ಗರು ದನಿಯ ದೊಡ್ಡದು. ಆ ಕೋಣೆಯಲ್ಲಿ ಮೂರು ಗಂಟೆಯಾಗಲು ಏನಿಲ್ಲವೆಂದರೂ ಐದಾರು ನಿಮಿಷ ಬೇಕಾಗುತ್ತಿತ್ತು. ಕಿಟಕಿಗೆ ಎರಡು ಪದರದ ಕಪ್ಪು ಪರದೆ. ಮೇಜಿನ ಮೇಲೆ ಚಿಮುಟ, ಎಳೆ ಎಣಿಸುವ ಗಾಜು, ಗೊಂಬೆ ತಲೆಯಷ್ಟು ಚಿಕ್ಕದೊಂದು ನೇರಳೆ ದೀಪ. ಬಂದವರು ಒಂದು ನಿಮಿಷ ಕೂತರೆ ಸಾಕು, ತಾವು ಯಾಕೆ ಬಂದೆವು ಎಂಬುದನ್ನೇ ಮರೆತು ಆಕಳಿಸುತ್ತಿದ್ದರು.

ಹತ್ತೊಂಬತ್ತನೇ ವಯಸ್ಸಿಗೆ ಅವಳು ಸಮವಸ್ತ್ರ ಹೊಲಿಯುವ ಕಾರ್ಖಾನೆ ಸೇರಿದ್ದಳು. ಆರು ವರ್ಷ ಬೆಳಗಿನಿಂದ ಸಂಜೆವರೆಗೆ ಇಂಥವೇ ಗವಸುಗಳನ್ನು ಹೊಲಿದಳು. ಹಾಗಾಗಿ ಹೊಲಿಗೆ ಮುಗಿಯುವ ಕಡೆ ಸೂಜಿ ಎಷ್ಟು ಸಲ ಹಿಂದಕ್ಕೆ ಬಂದಿದೆ ಎಂದು ನೋಡಿದರೇ ಸಾಕು, ಹೊಲಿದವಳು ಊಟಕ್ಕೆ ಮುಂಚೆ ಹೊಲಿದಳೋ ಊಟವಾದ ಮೇಲೆ ಹೊಲಿದಳೋ ಎಂದು ಹೇಳಿಬಿಡುತ್ತಾಳೆ ಎಂದು ಜನ ಮಾತಾಡಿಕೊಳ್ಳುತ್ತಿದ್ದರು. ಅದು ಸ್ವಲ್ಪ ಉಪ್ಪು ಖಾರ ಸೇರಿಸಿದ ಮಾತು. ಆದರೆ ಒಂದು ಮಾತು ನಿಜ. ಯಾವ ಗವಸು ಬಂದರೂ ಅವಳು ಮೊದಲು ಮುಷ್ಟಿಯನ್ನು ಅದರೊಳಗೆ ತೂರಿಸಿ, ತಲೆಯಂತೆ ಎತ್ತಿಹಿಡಿದು, ಸುಮ್ಮನೆ ಕೂರುತ್ತಿದ್ದಳು. ಬಟ್ಟೆಯ ಹಸಿರು ಕಂದು ಮಚ್ಚೆಗಳು ನಿಧಾನವಾಗಿ ಗುಡ್ಡಗಳಾಗುತ್ತಿದ್ದವು, ನಡುವೆ ಕೆರೆಗಳು ಕಾಣುತ್ತಿದ್ದವು, ಒಂದು ದಾರಿ ಅಂಚಿನವರೆಗೆ ಹೋಗಿ ಮಡಿಕೆಯೊಳಗೆ ಮಾಯವಾಗುತ್ತಿತ್ತು. ಆ ದಾರಿಯಲ್ಲಿ ಒಂದಷ್ಟು ದೂರ ಹೋಗಿಬಂದ ಮೇಲೆಯೇ ಅವಳು ಗಾಜು ಎತ್ತಿಕೊಳ್ಳುತ್ತಿದ್ದಳು.

ಅವಳದೊಂದು ಗಟ್ಟಿ ಪದ್ಧತಿಯಿತ್ತು. ಅಸಲಿ ಅಥವಾ ನಕಲಿ, ಅಷ್ಟೇ ಹೇಳುವುದು. ಯಾಕೆ ಎಂದು ಯಾರಿಗೂ ಹೇಳುವುದಿಲ್ಲ, ಜಪ್ಪಯ್ಯ ಅಂದರೂ ಇಲ್ಲ. ಇದು ಜಂಬವಲ್ಲ. ಮೊದಮೊದಲು ಒಬ್ಬ ಗಿರಾಕಿಗೆ ‘ಸೊಪ್ಪು ಸಿಕ್ಕಿಸುವ ಕಾಜಾದ ದಾರ ತುಂಬಾ ಮಿರುಗುತ್ತಿದೆ ನೋಡಿ, ಅದಕ್ಕೇ ನಕಲಿ’ ಎಂದು ಬಾಯಿಬಿಟ್ಟಿದ್ದಳು. ಎರಡೇ ತಿಂಗಳಲ್ಲಿ ಪೇಟೆಗೆ ಬಂದ ನಕಲಿಗಳೆಲ್ಲ ಮಂಕು ದಾರದ ಕಾಜಾ ಇಟ್ಟುಕೊಂಡೇ ಬಂದವು! ಕಾರಣ ಹೇಳಿದರೆ ಕಳ್ಳನಿಗೆ ಪಾಠ ಹೇಳಿದಂತೆ ಎಂದು ಅವಳಿಗೆ ಅವತ್ತೇ ಅರ್ಥವಾಯಿತು. ಅವತ್ತಿನಿಂದ ಬಾಯಿಗೆ ಬೀಗ.

ಆ ಬೀಗವೇ ಅವಳ ಸ್ವಂತ ಅಕ್ಕನ ಮನೆಯನ್ನು ಹನ್ನೊಂದು ವರ್ಷ ಮುಚ್ಚಿಟ್ಟಿತ್ತು. ಅದನ್ನೇ ಈಗ ಹೇಳಬೇಕಾಗಿರುವುದು.

ಅವಳ ಭಾವ ಹರೆಯದಲ್ಲಿ ಸೈನ್ಯದಲ್ಲಿದ್ದವರು. ಒಂದು ಗುಡ್ಡದ ಮೇಲೆ ಒಂದು ಬೆಳಗಿನ ಜಾವ ನಡೆದ ಕಥೆಯೊಂದು ಅವರ ಬಳಿ ಇತ್ತು. ಮನೆಗೆ ಬಂದವರಿಗೆಲ್ಲ ಹೇಳುತ್ತಿದ್ದರು, ಹಾಲಿನವನನ್ನೂ ಬಿಟ್ಟವರಲ್ಲ. ಅವರ ಜೊತೆಗೊಬ್ಬ ಸಣಕಲ ಗೆಳೆಯ, ಗುಬ್ಬಚ್ಚಿ ಎಂದು ಅಡ್ಡಹೆಸರು. ಗವಸಿನ ಸೀಳುಗಳಿಗೆಲ್ಲ ಗುಡ್ಡದ ಹುಲ್ಲು ಸಿಕ್ಕಿಸಿಕೊಂಡು ನಡೆದಾಡುವ ಬಣವೆಯಂತೆ ಓಡಾಡುತ್ತಿದ್ದ. ಆ ಹುಲ್ಲಿನ ಬೀಜಕ್ಕೆ ಉದ್ದ ಬಾಲ. ಗುಬ್ಬಚ್ಚಿ ಅಂಗೈಗೆ ಉಗುಳು ಹಚ್ಚಿ ಬೀಜವನ್ನು ಅದರ ಮೇಲಿಟ್ಟರೆ ಅದು ಗಡಿಯಾರದ ಮುಳ್ಳಿನ ಹಾಗೆ ತಾನಾಗಿ ತಿರುಗುತ್ತಿತ್ತಂತೆ. ‘ನೋಡು, ಊಟದ ಹೊತ್ತಾಯ್ತು’ ಎನ್ನುತ್ತಿದ್ದನಂತೆ. ಕೇಳಿದವರು ಇಲ್ಲಿಗೆ ಬಂದಾಗ ‘ಆಹಾ, ಬಿಡಿ ಬಿಡಿ’ ಎಂದು ನಗುತ್ತಿದ್ದರು. ಆ ಬೆಳಗಿನ ಜಾವ ಮಂಜು ಕವಿದಿತ್ತು. ಇಬ್ಬರೂ ಟೋಪಿ ತೆಗೆದಿಟ್ಟು ನೀರು ಕುಡಿಯುತ್ತಿದ್ದಾಗ ಕೂಗು ಬಂತು. ಗಡಿಬಿಡಿಯಲ್ಲಿ ಇವರ ಟೋಪಿ ಅವನು, ಅವನ ಟೋಪಿ ಇವರು ಹಾಕಿಕೊಂಡು ಎದ್ದರು. ಗುಬ್ಬಚ್ಚಿ ಮುಂದೆ ಹೋದ, ಮಂಜಿನೊಳಗೆ ಹೋದ, ಬರಲಿಲ್ಲ. ತಮ್ಮ ತಲೆಯ ಮೇಲೆ ಉಳಿದ ಅವನ ಟೋಪಿಯನ್ನು ಉಗ್ರಾಣಕ್ಕೆ ಒಪ್ಪಿಸುವಾಗ ಭಾವ ಅದರ ಗವಸನ್ನು ಮಾತ್ರ ಎಳೆದು ಅಂಗಿಯೊಳಗೆ ಇಟ್ಟುಕೊಂಡು ಮನೆಗೆ ಬಂದರು.

ಹನ್ನೊಂದು ವರ್ಷದ ಹಿಂದೆ ಒಂದು ದಿನ ಭಾವ, ಅಕ್ಕ ಇಬ್ಬರೂ ಹದಿನೇಳು ಮೆಟ್ಟಿಲು ಹತ್ತಿ ಬಂದರು. ಕೋಣೆಯಲ್ಲಿ ನಾಲ್ಕಾರು ಗಿರಾಕಿಗಳಿದ್ದರು. ಭಾವ ಗವಸನ್ನು ಮೇಜಿನ ಮೇಲಿಟ್ಟು, “ಏನಮ್ಮ ಭೂತಗನ್ನಡಿ, ನಮ್ಮ ಗುಬ್ಬಚ್ಚಿಗೂ ಒಂದು ಚೀಟಿ ಬರೆದುಕೊಡು, ಕಟ್ಟು ಹಾಕಿಸಿ ಗೋಡೆಗೆ ತೂಗುಹಾಕ್ತೀನಿ” ಎಂದರು. ಅವರ ಮುಖದಲ್ಲಿ ಮದುವೆಯ ಮನೆಯ ಖುಷಿಯಿತ್ತು.

ಆ ವರ್ಷವೇ ಪೇಟೆಗೆ ಕೆಟ್ಟ ಕಾಲ ಬಂದಿತ್ತು. ಯಾರೋ ಕಾರ್ಖಾನೆಯ ಹಳೇ ಬಟ್ಟೆಯ ಸುರುಳಿಗಳನ್ನೂ ಹಳೇ ಮೆಷಿನ್ನುಗಳನ್ನೂ ಕೊಂಡು ಗವಸು ಹೊಲಿಯತೊಡಗಿದ್ದರು. ಬಟ್ಟೆ ಅಸಲಿ, ಹೊಲಿಗೆ ಅಸಲಿ, ಹುಟ್ಟಿದ ದಿನ ಮಾತ್ರ ನಕಲಿ. ಸಿಕ್ಕಿಬೀಳುತ್ತಿದ್ದದ್ದು ಒಂದೇ ಕಾರಣಕ್ಕೆ. ಬಳಸದ ಬಟ್ಟೆಯ ಬಿಗಿ ಹೋಗಲೆಂದು ಅವರು ಅದನ್ನು ಈಗಿನ ಸೋಪಿನ ಪುಡಿಯಲ್ಲಿ ಒಗೆಯುತ್ತಿದ್ದರು. ಆ ಪುಡಿಯಲ್ಲಿ ಬಿಳುಪು ತರುವ ಮದ್ದೊಂದಿರುತ್ತದೆ, ನೇರಳೆ ದೀಪ ಹಿಡಿದರೆ ಅದು ನೀಲಿಯಾಗಿ ಬೆಳಗುತ್ತದೆ. ಈ ಗುಟ್ಟು ಗೊತ್ತಿದ್ದದ್ದು ಭೂತಗನ್ನಡಿಗೆ ಒಬ್ಬಳಿಗೇ.

ಪರದೆ ಎಳೆದು ದೀಪ ಹಿಡಿದಳು. ಗುಬ್ಬಚ್ಚಿಯ ಗವಸು ನೀಲಿಯಾಗಿ ಬೆಳಗಿತು.

“ಭಾವ, ಇದಕ್ಕೆ ಯಾವಾಗಾದ್ರೂ ನೀರು ಮುಟ್ಟಿಸಿದ್ದೀರಾ?” ಎಂದು ಕೇಳಿದಳು. ಯಾಕೆ ಕೇಳುತ್ತಿದ್ದೇನೆಂದು ಹೇಳಲಿಲ್ಲ. ಅದು ಪದ್ಧತಿಯಲ್ಲವಲ್ಲ.

ಭಾವ ಹೆಂಡತಿಯ ಮುಖವನ್ನೊಮ್ಮೆ ನೋಡಿ, “ಇಲ್ಲಮ್ಮ. ಒಂದು ಹನಿಯೂ ಇಲ್ಲ” ಎಂದರು.

ಇನ್ನೊಬ್ಬರಾಗಿದ್ದರೆ ‘ನಾಳೆ ನೋಡೋಣ’ ಎನ್ನುತ್ತಿದ್ದಳೋ ಏನೋ. ಆದರೆ ಸುತ್ತ ಗಿರಾಕಿಗಳಿದ್ದರು. ಮನೆಯವರದ್ದೆಂದು ಬಿಟ್ಟಳು ಎಂಬ ಮಾತು ಬರಬಾರದು ಎಂಬ ಹಟ ಅವಳಿಗೆ. ಸುಡಲಿ ಆ ಹಟ! “ನಕಲಿ” ಎಂದಳು. ಭಾವ ಗವಸನ್ನು ಮಡಚಿ ಜೇಬಿಗಿಟ್ಟುಕೊಂಡು, “ನೀನು ಹೇಳಿದ ಮೇಲೆ ಮುಗೀತು” ಎಂದು ಮೆಟ್ಟಿಲಿಳಿದರು. ಆಮೇಲೆ ಅವರ ಬಾಯಲ್ಲಿ ಗುಡ್ಡದ ಸುದ್ದಿ ಬರಲಿಲ್ಲ. ಸಂತೆಯಲ್ಲಿ ಕೊಂಡ ಬಟ್ಟೆ ತೋರಿಸಿ ಇಷ್ಟು ವರ್ಷ ಕಥೆ ಕಟ್ಟಿದ್ದಾನೆ ಮುದುಕ ಎಂದು ನೆಂಟರಿಷ್ಟರು ಒಳಗೊಳಗೇ ಆಡಿಕೊಂಡರು. ಅಕ್ಕ ತಂಗಿಯ ಜೊತೆ ಮಾತು ಬಿಟ್ಟಳು. ಒಬ್ಬರ ಮನೆ ಮುಂದೆ ಇನ್ನೊಬ್ಬರು ಹಾಯುವಾಗ ಎದುರು ಬದಿಯ ಗೋಡೆ ನೋಡಿಕೊಂಡು ಹೋಗುವುದು ರೂಢಿಯಾಯಿತು.

ಹೀಗಿರುವಾಗ ಒಂದು ಶುಕ್ರವಾರ ಮಧ್ಯಾಹ್ನ, ಕೆಳಗೆ ಮೂರು ಗಂಟೆ ಆಗುತ್ತಾ ಇನ್ನೂ ಪೂರ್ತಿ ಆಗಿರದ ಹೊತ್ತಿನಲ್ಲಿ, ಮೆಟ್ಟಿಲ ಮೇಲೆ ಹೆಜ್ಜೆ ಸದ್ದಾಯಿತು. ಆರು ಮೆಟ್ಟಿಲು, ಒಂದು ನಿಟ್ಟುಸಿರು, ಮತ್ತೆ ಆರು. ತಂಗಿಗೆ ನೋಡದೆಯೇ ಗೊತ್ತಾಯಿತು. ಕೈಯಲ್ಲಿದ್ದ ಗಾಜು ಕೆಳಗಿಟ್ಟಳು.

ಬಾಗಿಲಲ್ಲಿ ಅಕ್ಕ ನಿಂತಿದ್ದಳು. ಎಪ್ಪತ್ತರ ಹೆಂಗಸು, ಆದರೂ ಬಟ್ಟೆಯಲ್ಲಿ ಒಂದು ಸುಕ್ಕಿಲ್ಲ, ಒಂದು ಕಲೆಯಿಲ್ಲ. ಅವಳ ಒಗೆಯುವ ಚಟ ಮನೆತನಕ್ಕೇ ಗೊತ್ತು. ಚಪ್ಪಲಿ ಒಗೆಯುತ್ತಾಳೆ, ಕೊಡೆ ಒಗೆಯುತ್ತಾಳೆ, ಒಮ್ಮೆ ಪತ್ರವನ್ನೂ ಜೇಬಿನ ಸಮೇತ ಒಗೆದಿದ್ದಳು.

“ಕೂತ್ಕೋ ಅಕ್ಕ” ಎಂದಳು ತಂಗಿ. ಹನ್ನೊಂದು ವರ್ಷದಲ್ಲಿ ಅದೇ ಮೊದಲ ಮಾತು.

“ಕೂರೋಕೆ ಬಂದಿಲ್ಲ” ಎಂದು ಅಕ್ಕ ಕೂತಳು. ಚೀಲದಿಂದ ಕಾಗದದ ಪೊಟ್ಟಣ ತೆಗೆದು ಮೇಜಿನ ಮೇಲಿಟ್ಟಳು. ಒಳಗೇನಿದೆಯೆಂದು ತಿಳಿಯಲು ಬಿಚ್ಚುವುದೇ ಬೇಡವಾಗಿತ್ತು. “ಪುಟ್ಟೀ, ಗುಬ್ಬಚ್ಚಿಗೆ ಒಬ್ಬ ಮಗಳಿದ್ದಾಳಂತೆ ಕಣೇ. ಅವನು ಹೋದ ಮೇಲೆ ಹುಟ್ಟಿದೋಳು. ಅಪ್ಪನ ಮುಖ ಕಂಡೋಳಲ್ಲ. ಅದು ಹ್ಯಾಗೋ ನಿನ್ನ ಭಾವನ ವಿಳಾಸ ಹುಡುಕಿ ಕಾಗದ ಬರೆದಿದ್ದಾಳೆ. ಅಪ್ಪನದ್ದು ಏನಾದ್ರೂ ಒಂದು ಇದ್ರೆ ಕಣ್ಣಲ್ಲಿ ನೋಡ್ಬೇಕು, ಭಾನುವಾರ ಬರ್ತೀನಿ ಅಂತ.”

“ಭಾವ ಏನಂದ್ರು?”

“ಬರ್ಬೇಡ ಅಂತ ಬರಿ, ಇಲ್ಲಿ ಏನೂ ಇಲ್ಲ ಅಂದ್ರು. ಆಮೇಲೆ ಗೋಡೆ ಕಡೆ ಮುಖ ಮಾಡಿ ಮಲಗಿದ್ರು. ನಿನ್ನೆ ರಾತ್ರಿ ಕೇಳ್ತಾರೆ, ‘ಲೇ, ನಾನು ನಿಜವಾಗ್ಲೂ ಆ ಗುಡ್ಡಕ್ಕೆ ಹೋಗಿದ್ನಾ? ಗುಬ್ಬಚ್ಚಿ ಅಂತ ಒಬ್ಬ ಇದ್ನಾ, ಇಲ್ಲ ನಾನೇ ಕನಸು ಕಂಡ್ನಾ?’ ಅಂತ. ಪುಟ್ಟೀ, ಅವನ ಮಗಳ ಕಾಗದ ಕೈಯಲ್ಲೇ ಇದೆ, ಆದ್ರೂ ಕೇಳ್ತಾರೆ!” ಅಕ್ಕನ ಕಣ್ಣು ತುಂಬಿತು. ಒರೆಸಿಕೊಳ್ಳಲು ಅಚ್ಚ ಬಿಳಿಯ ಕರವಸ್ತ್ರ ತೆಗೆದಳು. “ಒಂದು ಸುಳ್ಳು ಬರೆದುಕೊಡು. ಅಸಲಿ ಅಂತ ಬರಿ. ನಿನ್ನ ಕೈಬರಹ ನೋಡಿದ್ರೆ ನಂಬ್ತಾರೆ. ನಿನ್ನನ್ನ ಅಷ್ಟು ನಂಬಿದ್ರಿಂದಲೇ ಅಲ್ವಾ ಈ ಗತಿ ಬಂದಿರೋದು.”

ತಂಗಿ ಚೀಟಿ ಬರೆಯುವ ಕಾಗದ ಎಳೆದುಕೊಂಡಳು. ಬರೆದುಬಿಡಬಹುದಿತ್ತು, ಯಾರ ಗಂಟು ಹೋಗುತ್ತಿತ್ತು? ಆದರೆ ನಲವತ್ತು ವರ್ಷ ಬರೆಯದ ಸುಳ್ಳು ಬೆರಳಿಗೆ ಬರಲಿಲ್ಲ. ಸುಮ್ಮನೆ ಹೊತ್ತು ಕಳೆಯಲೆಂದೇ ಅವಳು ಎದ್ದು ಪರದೆ ಎಳೆದು ದೀಪ ಹೊತ್ತಿಸಿದಳು.

ಕೋಣೆ ನೇರಳೆಯಾಯಿತು. ಗಾಳಿಯಲ್ಲಿ ತೇಲುತ್ತಿದ್ದ ಬಟ್ಟೆಯ ಎಳೆಯ ಚೂರುಗಳು ಒಂದೊಂದೇ ಮಿನುಗಿ, ಅತ್ತಿತ್ತ ಹೋಗಿ, ಆರಿದವು. ಕೆಳಗೆಲ್ಲೋ ಬಹಳ ದೂರದಲ್ಲಿ ಕೊನೆಯ ಗಡಿಯಾರ ಮೂರು ಹೊಡೆಯಿತು. ತಂಗಿ ಪೊಟ್ಟಣ ಬಿಚ್ಚಿ, ಮುಷ್ಟಿಯನ್ನು ಗವಸಿನೊಳಗೆ ತೂರಿಸಿ ಎತ್ತಿಹಿಡಿದಳು. ನೀಲಿ ಗುಡ್ಡ, ನೀಲಿ ಕೆರೆ, ನೀಲಿ ಮಂಜಿನಲ್ಲಿ ಆ ದಾರಿ. ದಾರಿಯ ತುದಿಯಲ್ಲಿ ಯಾರೋ ಟೋಪಿ ತೆಗೆದು ನೀರು ಕುಡಿಯುತ್ತಿರುವಂತೆ ಅವಳಿಗೆ ಅನ್ನಿಸಿತು. ಅವನು ಇವಳ ಕಡೆ ತಿರುಗುವುದರಲ್ಲಿದ್ದ. ಎಷ್ಟು ಹೊತ್ತು ಹಾಗೆ ಕೂತಿದ್ದಳೋ. ಎದುರಿಗೆ ಇನ್ನೊಂದು ನೀಲಿ ಬೆಳಕು ಕಣ್ಣಿಗೆ ಬಿದ್ದಾಗ ಎಚ್ಚರವಾಯಿತು.

ಅದು ಅಕ್ಕನ ಕೈಯಲ್ಲಿದ್ದ ಕರವಸ್ತ್ರ. ಕರವಸ್ತ್ರ, ತೋಳಿನ ಅಂಚು, ಕಾಲರು, ಅಕ್ಕನ ಮೈಮೇಲಿದ್ದದ್ದೆಲ್ಲ ಬೆಳಗುತ್ತಿತ್ತು. ಗವಸು ಬೆಳಗುತ್ತಿದ್ದ ಅದೇ ನೀಲಿ. ತಂಗಿ ಅದನ್ನು ನೋಡಿದಳು, ಇದನ್ನು ನೋಡಿದಳು.

“ಅಕ್ಕ. ನಿಜ ಹೇಳು. ಇದನ್ನ ಒಗೆದಿದ್ದೀಯಾ?”

ಅಕ್ಕ ಕರವಸ್ತ್ರವನ್ನು ಮುಷ್ಟಿಯಲ್ಲಿ ಮುಚ್ಚಿಕೊಂಡಳು.

“ಅಕ್ಕಾ!”

“ಐದು ಸಲ” ಎಂದಳು ಅಕ್ಕ, ಕೇಳಿಸಿತೋ ಇಲ್ಲವೋ ಎನ್ನುವಷ್ಟು ಮೆಲ್ಲಗೆ. “ಮುಟ್ಬೇಡ ಅಂತ ನನ್ನ ಹತ್ರ ಆಣೆ ಹಾಕಿಸ್ಕೊಂಡಿದ್ರು. ಆದ್ರೂ ಒಗೆದೆ. ಅದನ್ನ ಪೆಟ್ಟಿಗೆಯಿಂದ ತೆಗೆದು ಮೂಗಿಗೆ ಹಿಡ್ಕೊಂಡ್ರೆ ಮೂರು ದಿನ ಊಟ ಇಲ್ಲ, ನಿದ್ದೆ ಇಲ್ಲ. ಆ ವಾಸನೆ ಹೋದ್ರೆ ಆ ಗುಡ್ಡ ಇವರನ್ನ ಬಿಟ್ಟುಬಿಡುತ್ತೆ ಅಂದ್ಕೊಂಡೆ ಕಣೇ. ಅವರು ಕೆಲಸಕ್ಕೆ ಹೋದಾಗ ಒಗೆದು, ಒಣಗಿಸಿ, ಹ್ಯಾಗಿತ್ತೋ ಹಾಗೇ ಮಡಚಿ ಇಡ್ತಿದ್ದೆ.”

“ಅವತ್ತು ನೀನೂ ಇಲ್ಲೇ ಇದ್ದೆ. ನೀರು ಮುಟ್ಟಿಸಿದ್ದೀರಾ ಅಂತ ಕೇಳ್ದೆ. ಆಗ್ಲೇ ಬಾಯಿ ಬಿಡಬಾರದಿತ್ತಾ?”

“ಅವರ ಎದುರಿಗಾ? ಅಷ್ಟು ಜನದ ಮುಂದೆ?” ಈಗ ಅಕ್ಕನಿಗೂ ಸಿಟ್ಟು ಬಂತು. “ನೀನು ನಕಲಿ ಅಂದೆ. ಒಗೆದ್ರೆ ಬಣ್ಣ ಹೋಗುತ್ತೆ, ಹುಟ್ಟು ಹೋಗುತ್ತಾ? ಒಗೆದಿದ್ದಕ್ಕೇ ನಕಲಿ ಅಂತ ನೀನು ಒಂದು ಮಾತು ಹೇಳಿದ್ಯಾ? ಹೇಳಿದ್ರೆ ಅಲ್ಲೇ ನಿನ್ನ ಕಾಲು ಹಿಡ್ಕೊಂಡು ಒಪ್ಕೋತಿದ್ದೆ!”

ತಂಗಿ ಹೇಳಿರಲಿಲ್ಲ. ಹೇಳುವುದು ಪದ್ಧತಿಯಾಗಿರಲಿಲ್ಲ. ಪೇಟೆಯ ಕಳ್ಳರಿಗೆ ಹಾಕಿದ ಬೀಗ ಮನೆಯವರ ಮೇಲೆ ಬಿದ್ದು ಹನ್ನೊಂದು ವರ್ಷವಾಗಿತ್ತು. ಅವಳು ಅಕ್ಕನ ಕೈ ಹಿಡಿದುಕೊಂಡು ಸ್ವಲ್ಪ ಹೊತ್ತು ಅತ್ತಳು, ಅಕ್ಕನೂ ಅತ್ತಳು. ಅಳು ಮುಗಿದ ಮೇಲೆ ಅಕ್ಕ ತನ್ನ ಕರವಸ್ತ್ರದಿಂದ ಮೊದಲು ತಂಗಿಯ ಮೂಗು ಒರೆಸಿದಳು, ಚಿಕ್ಕಂದಿನಲ್ಲಿ ಒರೆಸುತ್ತಿದ್ದ ಹಾಗೇ ಒರಟಾಗಿ.

ಆದರೆ ನೀಲಿಗೆ ಕಾರಣ ಸಿಕ್ಕಿತು ಎಂದ ಮಾತ್ರಕ್ಕೆ ಗವಸು ಅಸಲಿಯಾಗಲಿಲ್ಲ. ನಕಲಿಯೂ ಒಗೆದದ್ದೇ, ಇದೂ ಒಗೆದದ್ದೇ. ಇನ್ನು ನೋಡಲು ಉಳಿದಿದ್ದದ್ದು ಒಂದೇ ಜಾಗ, ಲಾಡಿ ತೂರಿಸುವ ಅಂಚಿನ ಮಡಿಕೆಯ ಒಳಗು. ಅಲ್ಲಿ ನೋಡಬೇಕೆಂದರೆ ಹೊಲಿಗೆ ಬಿಚ್ಚಬೇಕು. ಬಿಚ್ಚಿದ ಗವಸು ಪೇಟೆಯಲ್ಲಿ ಕವಡೆ ಕಿಮ್ಮತ್ತಿನದು, ಅವಳು ಇದುವರೆಗೆ ಒಂದನ್ನೂ ಬಿಚ್ಚಿದವಳಲ್ಲ.

“ಅಕ್ಕ, ಒಳಗೆ ಏನೂ ಇಲ್ಲದಿದ್ರೆ ನಾನು ಅಸಲಿ ಅಂತ ಬರೆಯೋದಿಲ್ಲ” ಎಂದಳು.

“ಬಿಚ್ಚು” ಎಂದಳು ಅಕ್ಕ. “ಅವರು ಸುಳ್ಳು ಹೇಳೋ ಗಂಡಸಲ್ಲ.”

ಪರದೆ ಸರಿಸಿ, ಕಿಟಕಿಯ ಬೆಳಕಿಗೆ ಹಿಡಿದು, ಚಿಮುಟದಿಂದ ಒಂದೊಂದೇ ಹೊಲಿಗೆ ಎತ್ತಿದಳು. ಹತ್ತು ಹೊಲಿಗೆ. ಇಪ್ಪತ್ತು. ಮಡಿಕೆ ಮೆಲ್ಲಗೆ ಬಾಯಿಬಿಟ್ಟಿತು. ಮೂಲೆಯಲ್ಲಿ ಸಣ್ಣ ಕೆಂಪು ಮಣ್ಣು ಗಟ್ಟಿಯಾಗಿ ಕೂತಿತ್ತು, ಅದರ ಪಕ್ಕಕ್ಕೇ ಉಕ್ಕಿನ ಅಂಚು ಒತ್ತಿದ ತುಕ್ಕಿನ ಗೆರೆ. ನಕಲಿಯವರು ಮಣ್ಣು ಬಳಿಯುವುದು ಕಾಣುವ ಕಡೆ. ಯಾರೂ ನೋಡದ ಮಡಿಕೆಯೊಳಗೆ ಮಣ್ಣು ತುಂಬುವಷ್ಟು ಪುರುಸೊತ್ತು ಯಾವ ಕಳ್ಳನಿಗಿದೆ? ಇನ್ನೂ ನಾಲ್ಕು ಹೊಲಿಗೆ ಬಿಚ್ಚಿದಳು. ಲಾಡಿಯ ಗಂಟಿಗೆ ಸಿಕ್ಕಿಹಾಕಿಕೊಂಡು ಒಂದು ಹುಲ್ಲಿನ ಬೀಜ ಮಲಗಿತ್ತು. ಕೂದಲಿಗಿಂತ ತುಸು ದಪ್ಪನೆಯ ಉದ್ದ ಬಾಲ, ಹುರಿಗೊಳಿಸಿದ ದಾರದಂತೆ ತಿರುಚಿಕೊಂಡದ್ದು.

ಮಾರನೇ ದಿನ ಬೆಳಿಗ್ಗೆ ಅವಳು ಅಕ್ಕನ ಮನೆಗೆ ಹೋದಳು. ಭಾವ ಕಿಟಕಿಯ ಪಕ್ಕದ ಮಂಚದ ಮೇಲೆ ಗೋಡೆ ನೋಡುತ್ತಾ ಮಲಗಿದ್ದರು. ಎಷ್ಟು ಸೊರಗಿದ್ದರು! ಹನ್ನೊಂದು ವರ್ಷ ಎದುರು ಬದಿಯ ಗೋಡೆ ನೋಡಿಕೊಂಡು ಹೋದವಳಿಗೆ ಅದು ಗೊತ್ತೇ ಇರಲಿಲ್ಲ. ಕುರ್ಚಿ ಎಳೆದುಕೊಂಡು ಕೂತು, ದಾರಿಯುದ್ದಕ್ಕೂ ಜೋಡಿಸಿಕೊಂಡು ಬಂದಿದ್ದ ಮಾತುಗಳನ್ನೆಲ್ಲ ಮರೆತು, “ಭಾವ, ನಾನು ತಪ್ಪು ಹೇಳಿದ್ದೆ” ಎಂದಳು.

ಭಾವ ತಿರುಗಲಿಲ್ಲ. “ಸಮಾಧಾನಕ್ಕೆ ಹೇಳ್ಬೇಡಮ್ಮ. ನೀನು ಹಾಗೆಲ್ಲ ಹೇಳೋಳಲ್ಲ.”

“ನಾನು ಒಗೆದಿದ್ದೆ ರೀ” ಎಂದಳು ಅಕ್ಕ ಬಾಗಿಲಿಂದಲೇ. ಹಿಂದಿನ ದಿನ ಮೆಟ್ಟಿಲಿಳಿಯುವವರೆಗೂ ‘ನನ್ನ ಹೆಸರು ಎತ್ತಬೇಡ’ ಎಂದು ತಂಗಿಯನ್ನು ಬೇಡಿಕೊಂಡವಳು ಈಗ ತಾನೇ ಹೇಳಿಬಿಟ್ಟಳು. “ಐದು ಸಲ ಒಗೆದೆ. ನಿಮ್ಮ ಆಣೆ ಮುರಿದೆ. ಅದಕ್ಕೇ ಅದು ದೀಪದಲ್ಲಿ ಬೆಳಗಿದ್ದು. ಬೆಳಗಿದ್ದಕ್ಕೇ ಇವಳು ನಕಲಿ ಅಂದಿದ್ದು. ಎಲ್ಲಾ ನನ್ನಿಂದಲೇ ಆದದ್ದು.”

ಭಾವ ನಿಧಾನವಾಗಿ ಎದ್ದು ಕೂತರು.

“ಒಗೆದಿದ್ದೀಯ ಅಂತ ನನಗೆ ಗೊತ್ತಿತ್ತು ಕಣೇ” ಎಂದರು.

“ಗೊತ್ತಿತ್ತಾ?”

“ಮೂಗಿಲ್ವಾ ನನಗೆ? ಪೆಟ್ಟಿಗೆ ತೆಗೆದ್ರೆ ಘಮ್ ಅಂತ ಸೋಪಿನ ವಾಸನೆ. ಮೊದಲನೇ ಸಲ ಸಿಟ್ಟು ಬಂತು. ಆಮೇಲೆ ಅವತ್ತು ರಾತ್ರಿ ನಿದ್ದೆ ಬಂತು. ಹಾಳಾಗಿ ಹೋಗ್ಲಿ ಅಂತ ಸುಮ್ಮನಾದೆ.” ಅವರು ನಾದಿನಿಯ ಕಡೆ ತಿರುಗಿದರು. “ಅವತ್ತು ನೀನು ನೀರು ಮುಟ್ಟಿಸಿದ್ದೀರಾ ಅಂದಾಗ ಇವಳ ಮುಖ ನೋಡ್ದೆ. ಬಿಳಿಚಿಕೊಂಡು ನಿಂತಿದ್ಲು. ಅಷ್ಟು ಜನದ ಮುಂದೆ ಇವಳನ್ನ ಯಾಕೆ ಸಿಕ್ಕಿಸೋದು ಅಂತ ಇಲ್ಲ ಅಂದೆ. ನಾನು ಹೇಳಿದ್ದು ಅದೊಂದೇ ಸುಳ್ಳು ಕಣಮ್ಮ. ಉಳಿದದ್ದೆಲ್ಲ ನಿಜವೇ ಇತ್ತು. ಆ ಒಂದು ಸುಳ್ಳಿಗೆ ಎಲ್ಲಾ ಸುಳ್ಳಾಗಿಹೋಯ್ತು.”

ಒಗೆದದ್ದು ಗಂಡನಿಗೆ ಗೊತ್ತಿತ್ತು, ಹೆಂಡತಿಗೆ ಗೊತ್ತಿತ್ತು, ಒಗೆದರೆ ಬೆಳಗುತ್ತದೆಂದು ತಂಗಿಗೆ ಗೊತ್ತಿತ್ತು. ಒಬ್ಬರಾದರೂ ಬಾಯಿಬಿಟ್ಟಿದ್ದರೆ ಅವತ್ತೇ, ಆ ಮೇಜಿನ ಮುಂದೆಯೇ ಎಲ್ಲ ಮುಗಿದುಹೋಗುತ್ತಿತ್ತು. ಇದಕ್ಕೆ ಅಳುವುದೋ ನಗುವುದೋ ಹೇಳಿ!

ತಂಗಿ ಚೀಲದಿಂದ ಚಿಕ್ಕ ಗಾಜಿನ ಡಬ್ಬಿ ತೆಗೆದು ಭಾವನ ಕೈಗೆ ಕೊಟ್ಟಳು. “ಅಂಚಿನ ಒಳಗಿತ್ತು. ಇದೇನು ಅಂತ ನನಗೆ ಗೊತ್ತಿಲ್ಲ.” ಅವಳು ಸುಳ್ಳು ಹೇಳಿದಳೆಂದು ನಾನಂತೂ ಅನ್ನುವುದಿಲ್ಲ, ಅವರ ಬಾಯಲ್ಲೇ ಕೇಳಬೇಕಿತ್ತು ಅವಳಿಗೆ.

ಭಾವ ಡಬ್ಬಿಯನ್ನು ಬೆಳಕಿಗೆ ಹಿಡಿದರು. ಬೀಜವನ್ನು ಅಂಗೈಗೆ ಸುರಿದುಕೊಂಡರು. ಆಮೇಲೆ ಏನೋ ನೆನಪಾದವರಂತೆ ಎಡಗೈ ಹೆಬ್ಬೆರಳನ್ನು ನಾಲಿಗೆಗೆ ತಾಗಿಸಿ, ಅಂಗೈಯ ನಡುವೆ ಒದ್ದೆ ಮಾಡಿ, ಬೀಜವನ್ನು ಅಲ್ಲಿಗೆ ಜರುಗಿಸಿದರು. ಕಿಟಕಿಯ ಬಿಸಿಲು ಅಂಗೈ ಮೇಲೆ ಬಿದ್ದಿತ್ತು. ಬೀದಿಯಲ್ಲಿ ಯಾರದೋ ಸೈಕಲ್ಲಿನ ಗಂಟೆ ಕಿಣಿಕಿಣಿಸಿ ದೂರವಾಯಿತು. ಮೂವರ ತಲೆಯೂ ಅಂಗೈ ಮೇಲೆ ಬಾಗಿತ್ತು. ಮೊದಲು ಏನೂ ಆಗಲಿಲ್ಲ. ಆಮೇಲೆ ಬಾಲದ ತುದಿ ಒಂದಿಷ್ಟು ನಡುಗಿ, ನಿಂತು, ಯೋಚಿಸಿದಂತೆ ಮಾಡಿ, ಬಹಳ ನಿಧಾನವಾಗಿ ಸುತ್ತತೊಡಗಿತು. ಐವತ್ತು ವರ್ಷ ಕತ್ತಲ ಮಡಿಕೆಯಲ್ಲಿದ್ದ ಹುಲ್ಲು, ಐದು ಸಲ ಸೋಪಿನ ನೀರು ಕುಡಿದ ಹುಲ್ಲು, ಬಿಸಿಲಿನಲ್ಲಿ ಒಂದು ಸುತ್ತು ಬಂತು. ಮತ್ತೆ ಅರ್ಧ ಸುತ್ತು.

“ಊಟದ ಹೊತ್ತಾಯ್ತು” ಎಂದರು ಭಾವ. ಹಾಗೆಂದು ಮಗುವಿನ ಹಾಗೆ ಗಟ್ಟಿಯಾಗಿ ಅತ್ತುಬಿಟ್ಟರು.

ಆ ಮಧ್ಯಾಹ್ನ ಭೂತಗನ್ನಡಿ ಚೀಟಿ ಬರೆದಳು. ನಲವತ್ತು ವರ್ಷದಲ್ಲಿ ಕಾರಣ ಬರೆದ ಚೀಟಿ ಅದೊಂದೇ. ‘ಅಸಲಿ. ದೀಪದಲ್ಲಿ ಬೆಳಗುತ್ತದೆ, ಹೆಂಡತಿ ಒಗೆದಿದ್ದಾಳೆ. ಅಂಚನ್ನು ನಾನು ಬಿಚ್ಚಿದ್ದೇನೆ. ಒಳಗೆ ಹುಲ್ಲಿದೆ.’ ಕಳ್ಳರು ಬೇಕಾದರೆ ಓದಿಕೊಳ್ಳಲಿ ಎಂದುಕೊಂಡು ಕೆಳಗೆ ಸಹಿ ಹಾಕಿದಳು.

ಭಾನುವಾರ ಗುಬ್ಬಚ್ಚಿಯ ಮಗಳು ಬಂದಳು. ಐವತ್ತರ ಹತ್ತಿರದ ಹೆಂಗಸು, ಸಣಕಲು ಮೈ, ಬಾಗಿಲಲ್ಲಿ ಚಪ್ಪಲಿ ಬಿಡಲೋ ಬೇಡವೋ ಎಂದು ಅನುಮಾನಿಸುತ್ತಾ ನಿಂತಳು. ಭಾವ ಇಸ್ತ್ರಿ ಮಾಡಿದ ಅಂಗಿ ಹಾಕಿಕೊಂಡು ಕೂತಿದ್ದರು. ಹೆಚ್ಚು ಮಾತಿಲ್ಲದೆ ಗವಸನ್ನು ಅವಳ ಎರಡೂ ಕೈಗೆ ಇಟ್ಟರು.

ಅವಳು ಅದನ್ನು ತಿರುಗಿಸಿ ನೋಡಲಿಲ್ಲ, ಚೀಟಿಯನ್ನೂ ಓದಲಿಲ್ಲ. ನೇರ ಮುಖಕ್ಕೆ ಒತ್ತಿಕೊಂಡು, ಕಣ್ಣು ಮುಚ್ಚಿ, ಉಸಿರು ಎಳೆದುಕೊಂಡಳು. ಬಹಳ ಹೊತ್ತಾದ ಮೇಲೆ ತಲೆ ಎತ್ತಿದಳು.

“ನಮ್ಮಪ್ಪನ ವಾಸನೆ ಹೀಗಿತ್ತಾ?” ಎಂದು ಕೇಳಿದಳು. “ಇಷ್ಟು ಚೆನ್ನಾಗಿ? ಒಗೆದ ಬಟ್ಟೆ ಥರ?”

ಅಕ್ಕನ ಮುಖ ಬಿಳಿಚಿತು. ಹೌದು ಎಂದುಬಿಡಬಾರದೇ ಎಂದು ತಂಗಿಗೂ ಒಂದು ಕ್ಷಣ ಅನ್ನಿಸಿತು. ಬಂದವಳು ಅಷ್ಟು ದೂರದಿಂದ ಬಂದಿದ್ದಳು, ಅವಳ ಕಣ್ಣಿನಲ್ಲಿ ಅಷ್ಟು ಆಸೆಯಿತ್ತು. ಭಾವ ಹೆಂಡತಿಯ ಮುಖ ನೋಡಿದರು. ಈ ಸಲ ನಿಜ ಹೇಳಲು ಹೆದರಲಿಲ್ಲ.

“ಇಲ್ಲಮ್ಮ” ಎಂದರು. “ಅದು ನನ್ನ ಹೆಂಡತಿ ಸೋಪಿನ ವಾಸನೆ. ನಿಮ್ಮಪ್ಪ ಒದ್ದೆ ಕಂಬಳಿ, ಹೊಗೆ, ಹುಲ್ಲು, ಎಲ್ಲಾ ಸೇರಿ ನಾರ್ತಿದ್ದ. ಪಕ್ಕದಲ್ಲಿ ಮಲಗೋಕೆ ಆಗ್ತಿರ್ಲಿಲ್ಲ. ಸ್ನಾನ ಅಂದ್ರೆ ಸಾಕು, ಎಲ್ಲಿದ್ರೂ ಓಡಿಹೋಗ್ತಿದ್ದ.”

ಅವಳು ಬೆರಗಾಗಿ ಅ‌ವರನ್ನೇ ನೋಡಿದಳು. ಆಮೇಲೆ ಅವಳ ತುಟಿ ಅದುರಿತು, ನಗು ಬಂತು, ನಗುತ್ತಾ ನಗುತ್ತಾ ಕಣ್ಣಲ್ಲಿ ನೀರು ಸುರಿಯಿತು.

“ಸ್ನಾನ ಅಂದ್ರೆ ಓಡಿಹೋಗ್ತಿದ್ರಾ? ಚಿಕ್ಕೋಳಿದ್ದಾಗ ನಾನೂ ಹಾಗೇ. ಅಮ್ಮ ಬೀದಿಯೆಲ್ಲ ಅಟ್ಟಾಡಿಸಿ ಹಿಡ್ಕೊಂಡು ಬರೋರು. ‘ಯಾರ ಬುದ್ಧಿ ಬಂತೋ ನಿನಗೆ’ ಅಂತ ಬೈಯೋರು.” ಅವಳು ಗವಸನ್ನು ಮಡಿಲಲ್ಲಿಟ್ಟುಕೊಂಡು ಅಂಗೈಯಿಂದ ಸವರಿದಳು. “ಯಾರ ಬುದ್ಧಿ ಅಂತ ಮಾತ್ರ ಒಂದು ದಿನವೂ ಹೇಳ್ಲಿಲ್ಲ.”

ಭೂತಗನ್ನಡಿ ಗಾಜನ್ನು ಚೀಲದೊಳಗಿಟ್ಟು, ಕುರ್ಚಿಯನ್ನು ಹತ್ತಿರಕ್ಕೆ ಎಳೆದುಕೊಂಡಳು. ಭಾವ ಗಂಟಲು ಸರಿಮಾಡಿಕೊಂಡು, “ಅವತ್ತು ಮಂಜು ಹೇಗಿತ್ತು ಅಂದ್ರೆ” ಎಂದು ಶುರುಮಾಡಿದರು.